ತಾಳ ಯಾರ ಕೈಲಿದೆ? ಸಿಂಥ್ ಸೆಟಪ್ ನಡುವೆ ಒಂದು ಸೀಕ್ವೆನ್ಸರ್ ಕೂರಿಸೋ ಮುಂಚೆ

(ಹೋದ ತಿಂಗಳು ಒಂದು ಭಾನುವಾರ ಬೆಂಗಳೂರಲ್ಲಿ ಸಿಂಥ್, ಅಂದ್ರೆ ಕರೆಂಟಿಂದ ಸದ್ದು ಹುಟ್ಟಿಸೋ ಸಿಂಥಸೈಜರ್ ವಾದ್ಯದ ಹುಚ್ಚಿರೋ ಮೂವತ್ತು ಜನ ಒಂದು ಮನೆ ಮಹಡಿ ಮೇಲೆ ಸೇರಿದ್ವಿ, ಅವತ್ತು ನಾನು ಮಾತಾಡಿದ್ದು ಇದು. ಫೋನಲ್ಲಿ ರೆಕಾರ್ಡ್ ಆಗಿದ್ದನ್ನ ಕೇಳ್ಕೊಂಡು ಟೈಪ್ ಮಾಡಿದೀನಿ. ಮಧ್ಯೆ ಕೇಬಲ್ ಹುಡುಕಾಡಿದ್ದು, ಕಾಫಿ ಬಂದಿದ್ದು ಎಲ್ಲ ತೆಗ್ದಿದೀನಿ, ಮಾತು ಮಾತ್ರ ಆಡಿದ ಹಾಗೇ ಇದೆ.)

ಎಲ್ರಿಗೂ ನಮಸ್ಕಾರ. ಶುರು ಮಾಡೋ ಮುಂಚೆ ಒಂದು ಪ್ರಶ್ನೆ, ನಿಮ್ಮಲ್ಲಿ ಎಷ್ಟು ಜನರ ಮನೇಲಿ ಸೀಕ್ವೆನ್ಸರ್, ಅಂದ್ರೆ ಬರೆದಿಟ್ಟ ಸ್ವರಗಳನ್ನ ಸಾಲಾಗಿ ನುಡಿಸೋ ಪೆಟ್ಟಿಗೆ ಇದೆ? ಆರು, ಏಳು ಕೈ. ಸರಿ. ಈಗ ಎಷ್ಟು ಜನರ ಮನೇಲಿ ಎಲೆಕ್ಟ್ರಾನಿಕ್ ತಂಬೂರಿ ಇದೆ? ನೋಡಿ, ಅರ್ಧಕ್ಕರ್ಧ ಕೈ ಮೇಲೆ ಬಂತು. ಅದೂ ಸೀಕ್ವೆನ್ಸರ್ರೇ ಕಣ್ರೀ. ಪ ಸ ಸ ಸ, ಪ ಸ ಸ ಸ, ನಾಲ್ಕು ಸ್ಟೆಪ್, ಅಂದ್ರೆ ನಾಲ್ಕು ಸ್ವರದ ಮನೆ, ಲೂಪ್ ಆನ್, ಒಂದು ನಾಬ್ ತಿರುಗಿಸಿದ್ರೆ ವೇಗ, ಇನ್ನೊಂದು ತಿರುಗಿಸಿದ್ರೆ ಶ್ರುತಿ. ಪಂಚಮ ಇಲ್ದಿರೋ ರಾಗಕ್ಕೆ ಮೊದಲನೇ ಸ್ಟೆಪ್ಪನ್ನ ಮಧ್ಯಮಕ್ಕೆ ಬದಲಾಯಿಸ್ತೀವಲ್ಲ, ಅದಕ್ಕೆ ನಮ್ಮ ಭಾಷೇಲಿ ಸ್ಟೆಪ್ ಎಡಿಟ್ ಅಂತಾರೆ. ನಮ್ಮ ಊರಲ್ಲೇ ತಯಾರಾಗೋ ರಾಡೆಲ್ ಪೆಟ್ಟಿಗೆ ಇಟ್ಕೊಂಡು ಅಜ್ಜಿ ಬೆಳಗ್ಗೆ ಬೆಳಗ್ಗೆ ಮಾಡ್ತಿದ್ದ ಕೆಲಸಾನೇ ನಾವು ಈಗ ಲಕ್ಷ ರೂಪಾಯಿ ಸುರಿದು ಮಾಡ್ತಿರೋದು ಅಂತ ನಮ್ಮನೇಲಿ ಹೇಳ್ತಾರೆ, ಪೂರ್ತಿ ಸುಳ್ಳು ಅಂತ ನನಗೂ ವಾದ ಮಾಡೋಕಾಗಲ್ಲ.

ಇವತ್ತಿನ ವಿಷಯ ಏನಂದ್ರೆ, ಮನೇಲಿ ಮೂರೋ ನಾಲ್ಕೋ ಸಿಂಥ್ ಆಗಿದೆ, ಒಂದು ಡ್ರಮ್ ಮಶೀನ್ ಇದೆ, ಎಲ್ಲಾನೂ ಒಂದೇ ಪೆಟ್ಟಿಗೆಯಿಂದ ಆಡಿಸ್ಬೇಕು, ಅದಕ್ಕೆ ಯಾವ ಸೀಕ್ವೆನ್ಸರ್ ತಗೊಳ್ಳೋದು. ನನಗೆ ವಾರಕ್ಕೆ ಎರಡು ಮೆಸೇಜ್ ಇದೇ ಬರುತ್ತೆ. ಎಲ್ರೂ ಕೇಳೋದು "ಎಷ್ಟು ಟ್ರ್ಯಾಕ್ ಇದೆ ಸಾರ್, ಎಷ್ಟು ಸ್ಟೆಪ್ ಇದೆ" ಅಂತ. ಟ್ರ್ಯಾಕ್ ಅಂದ್ರೆ ಒಟ್ಟಿಗೆ ಓಡೋ ಸ್ವರದ ಒಂದೊಂದು ಸಾಲು. ನನ್ನ ಪ್ರಕಾರ ಆ ಪ್ರಶ್ನೆ ನಾಲ್ಕನೇದೋ ಐದನೇದೋ ಆಗ್ಬೇಕು. ಮೊದಲನೇದು, ತಾಳ ಯಾರ ಕೈಲಿರುತ್ತೆ?

ಯಕ್ಷಗಾನ ನೋಡಿರ್ತೀರಲ್ಲ. ಭಾಗವತರು ಕೂತಿರ್ತಾರೆ, ಕೈಲಿ ಜಾಗಟೆ. ಮದ್ದಳೆಯವರು, ಚೆಂಡೆಯವರು, ಮುಂದೆ ಕುಣಿಯೋ ವೇಷ, ಎಲ್ರ ಕಿವಿ ಅವರ ಮೇಲೆ. ಪದ್ಯ ಎಳೀಬೇಕಾ, ಮೊಟಕು ಮಾಡ್ಬೇಕಾ, ವೇಗ ಏರಿಸ್ಬೇಕಾ, ಅವರು ಅಂದಿದ್ದೇ. ಅವರಿಗಿಂತ ಜೋರಾಗಿ ಕೇಳ್ಸೋದು ಚೆಂಡೆ, ಅವರಿಗಿಂತ ಚೆಂದ ಕಾಣೋದು ವೇಷ, ಆದ್ರೆ ಆಟ ನಡೆಸೋರು ಅವರು. ಹಬ್, ಅಂದ್ರೆ ಉಳಿದಿದ್ದನ್ನೆಲ್ಲ ಆಡಿಸೋ ನಡುವಿನ ಸೀಕ್ವೆನ್ಸರ್ ಪೆಟ್ಟಿಗೆ, ಇದೇ ಕೆಲಸ ಮಾಡ್ಬೇಕು. ಅದು ಸ್ವತಃ ಸದ್ದು ಮಾಡ್ಲೇಬೇಕು ಅಂತೇನಿಲ್ಲ, ಪರದೆ ಮೇಲೆ ಬಣ್ಣ ಬಣ್ಣದ ಚಿತ್ರ ತೋರಿಸ್ಬೇಕು ಅಂತಾನೂ ಇಲ್ಲ, ಉಳಿದೋರೆಲ್ಲ ಅನುಮಾನ ಇಲ್ದೆ ಅದರ ಮಾತು ಕೇಳೋ ಹಾಗಿರ್ಬೇಕು ಅಷ್ಟೆ.

ಸ್ವಲ್ಪ ಹಳೇ ಕಥೆ ಹೇಳ್ತೀನಿ, ಬೇಗ ಮುಗಿಸ್ತೀನಿ. ಮೂಗ್ ಮಾಡ್ಯುಲರ್ ಸಿಂಥ್ ಜೊತೆ 960 ಅಂತ ಒಂದು ಸೀಕ್ವೆನ್ಸರ್ ಬರ್ತಿತ್ತು, ಮೂರು ಸಾಲು, ಸಾಲಿಗೆ ಎಂಟು ನಾಬ್, ಒಂದೊಂದು ನಾಬ್ ಒಂದೊಂದು ವೋಲ್ಟೇಜ್. ಎಂಟು ಸ್ವರ, ಮುಗೀತು. ಇಷ್ಟರಲ್ಲೇ ಬರ್ಲಿನ್ ಕಡೆಯೋರು ಒಂದೊಂದು ಕ್ಯಾಸೆಟ್ ಬದಿ ಪೂರ್ತಿ ತುಂಬಿಸಿಬಿಟ್ರು ಅನ್ನೋದು ಬೇರೆ ವಿಷಯ. 1977ರಲ್ಲಿ ರೋಲ್ಯಾಂಡ್ ಎಂಸಿ-8 ಬಂತು, ಅದಕ್ಕೆ ಸ್ವರಗಳನ್ನ ಸಂಖ್ಯೆಗಳಾಗಿ ಕೀಪ್ಯಾಡಲ್ಲಿ ಒತ್ತಬೇಕಿತ್ತು, ಕ್ಯಾಲ್ಕುಲೇಟರ್ ಮೇಲೆ ಕೀರ್ತನೆ ಬರೆದ ಹಾಗೆ. ಆಮೇಲೆ ಅವರದ್ದೇ ಟಿಆರ್-808 ಡ್ರಮ್ ಮಶೀನ್, ಟಿಬಿ-303 ಬೇಸ್ ಸಿಂಥ್ ಬಂದ್ವು, ಅವೆರಡಕ್ಕೂ ಸಿಂಕ್ ಅಂತ ಒಂದು ಐದು ಪಿನ್ನಿನ ಸಾಕೆಟ್ ಇತ್ತು, ನೋಡೋಕೆ ಮಿಡಿ (ಒಂದು ವಾದ್ಯ ಇನ್ನೊಂದಕ್ಕೆ ಸ್ವರ, ತಾಳ ಹೇಳೋ ಕೇಬಲ್ ಭಾಷೆ) ಥರಾನೇ ಇದ್ರೂ ಅದು ಮಿಡಿ ಅಲ್ಲ, ಬರೀ ತಾಳದ ಪಲ್ಸು ಮತ್ತೆ ಶುರು ಮಾಡು ನಿಲ್ಲಿಸು ಅನ್ನೋ ಸಿಗ್ನಲ್. 1982ರಲ್ಲಿ ಮುಂಬೈನ ಚರಣ್‌ಜಿತ್ ಸಿಂಗ್ ಅವರು, ಹಿಂದಿ ಸಿನಿಮಾ ವಾದ್ಯಗಾರರು, ಇವೆರಡು ಮತ್ತೆ ಒಂದು ಜುಪಿಟರ್-8 ಸಿಂಥ್ ಇಟ್ಕೊಂಡು ರಾಗಗಳನ್ನ ಡಿಸ್ಕೋ ಬೀಟ್ ಮೇಲೆ ಕೂರಿಸಿದ ಆಲ್ಬಮ್ ಮಾಡಿದ್ರು. ಇಸವಿ ಗಮನಿಸಿ, ಮಿಡಿ ಇನ್ನೂ ಹುಟ್ಟಿರಲಿಲ್ಲ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಅನ್ನೋ ಸಂಗೀತ ವಾದ್ಯಗಳ ಮೇಳದಲ್ಲಿ ಸೀಕ್ವೆನ್ಷಿಯಲ್ ಕಂಪನಿಯ ಪ್ರಾಫೆಟ್-600ನ ರೋಲ್ಯಾಂಡ್ ಜುಪಿಟರ್-6ಗೆ ಒಂದು ಕೇಬಲ್ಲಲ್ಲಿ ಸಿಕ್ಕಿಸಿ ತೋರಿಸಿದ್ರು, ಒಂದ್ರಲ್ಲಿ ಕೀ ಒತ್ತಿದ್ರೆ ಇನ್ನೊಂದು ಹಾಡ್ತು. ಒಂದನ್ನೊಂದು ಪೈಪೋಟಿ ಮಾಡೋ ಎರಡು ಕಂಪನಿಗಳು. ಸೀಕ್ವೆನ್ಷಿಯಲ್ ಕಟ್ಟಿದ ಡೇವ್ ಸ್ಮಿತ್, ರೋಲ್ಯಾಂಡ್ ಕಟ್ಟಿದ ಇಕುಟಾರೊ ಕಾಕೆಹಾಶಿ ಅಂತ ಆ ಇಬ್ಬರು ಪುಣ್ಯಾತ್ಮರಿಗೆ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಕೊಟ್ರು. ನಾವು ಇವತ್ತಿಗೂ ಅದೇ ಕೇಬಲ್ ಹಾಕ್ತಿದೀವಿ, ನಲವತ್ತು ವರ್ಷ ದಾಟಿದೆ, ನನ್ನ ಲ್ಯಾಪ್‌ಟಾಪ್ ಚಾರ್ಜರ್ ಪಿನ್ ಅಷ್ಟರಲ್ಲಿ ಐದು ಸಲ ಬದಲಾಗಿದೆ.

ಸರಿ, ಈಗ ಕೆಲಸದ ಮಾತು. ಒಂದು ಹಾಳೆ ತಗೊಳ್ಳಿ. ನಿಮ್ಮ ಹತ್ರ ಇರೋ ಪೆಟ್ಟಿಗೆ ಎಲ್ಲ ಚೌಕ ಚೌಕ ಬರೀರಿ, ಪ್ರತಿಯೊಂದರ ಪಕ್ಕ ಅದು ಏನು ಕೇಳಿಸ್ಕೊಳ್ಳುತ್ತೆ ಅಂತ ಬರೀರಿ. ಐದು ಪಿನ್ ಮಿಡಿನಾ, ಸಣ್ಣ ಜಾಕ್ ಮಿಡಿನಾ, ಯುಎಸ್‌ಬಿ ಮಾತ್ರನಾ, ಸಿವಿ ಗೇಟಾ (ವೋಲ್ಟೇಜಲ್ಲೇ ಸ್ವರ ಹೇಳೋದು), ಅಥವಾ ಬರೀ ಸಿಂಕ್ ಪಲ್ಸಾ. ನೀವು ಈಗ ನಗ್ತೀರ, ಆದ್ರೆ ಈ ಹಾಳೆ ಬರೀದೆ ಸೀಕ್ವೆನ್ಸರ್ ತಗೊಂಡು ಆಮೇಲೆ ಅದರ ಅರ್ಧ ಬೆಲೆಗೆ ಕನ್ವರ್ಟರ್ ತಗೊಂಡೋರು ಈ ಮಹಡಿ ಮೇಲೆನೇ ಇದಾರೆ, ನಾನೂ ಸೇರಿ. ನನ್ನ ಹತ್ರ ಒಂದು ಯುಎಸ್‌ಬಿ ಮಾತ್ರ ಇರೋ ಪುಟ್ಟ ಸಿಂಥ್ ಇತ್ತು, ಹಬ್‌ನಲ್ಲೂ ಯುಎಸ್‌ಬಿ ಇತ್ತು, ಒಂದಕ್ಕೊಂದು ಸಿಕ್ಕಿಸಿದ್ರೆ ಆಯ್ತು ಅನ್ಕೊಂಡೆ. ಎರಡೂ ಕಡೆ ಕಂಪ್ಯೂಟರ್ ಬರುತ್ತೆ ಅಂತ ಕಾಯ್ತಾ ಕೂತಿವೆ, ಮದುವೆ ಮನೇಲಿ ಎರಡೂ ಕಡೆಯೋರು ಅವರೇ ಬಂದು ಕರೀಲಿ ಅಂತ ಕೂತ ಹಾಗೆ. ಯುಎಸ್‌ಬಿಲಿ ಒಬ್ಬರು ಹೋಸ್ಟ್ ಆಗ್ಲೇಬೇಕು. ಹಬ್‌ಗೆ ಯುಎಸ್‌ಬಿ ಹೋಸ್ಟ್ ಪೋರ್ಟ್ ಇದೆಯಾ ಅಂತ ಮೊದಲೇ ನೋಡ್ಕೊಳ್ಳಿ.

ಸಣ್ಣ ಜಾಕ್ ಮಿಡಿಲಿ ಇನ್ನೊಂದು ತರಲೆ ಇದೆ, ಟೈಪ್ ಎ, ಟೈಪ್ ಬಿ. ಒಳಗೆ ಎರಡು ವೈರ್ ಅದಲು ಬದಲು ಅಷ್ಟೆ. ಕೋರ್ಗ್ ಮೊದಲಿಂದ ಎ, ಆರ್ಟೂರಿಯಾದ ಬೀಟ್‌ಸ್ಟೆಪ್ ಪ್ರೋ, ನೊವೇಶನ್‌ನ ಮೊದಲ ಸರ್ಕಿಟ್ ಇವೆಲ್ಲ ಬಿ. 2018ರಲ್ಲಿ ಎ ಅನ್ನೋದೇ ಅಧಿಕೃತ ಅಂತ ತೀರ್ಮಾನ ಆಯ್ತು, ಆದ್ರೆ ಮಾರ್ಕೆಟ್ಟಲ್ಲಿ ಎರಡೂ ಅಡಾಪ್ಟರ್ ಓಡಾಡ್ತಿವೆ. ತಪ್ಪು ಹಾಕಿದ್ರೆ ಸುಟ್ಟು ಹೋಗಲ್ಲ, ಸುಮ್ನೆ ಕೂತಿರುತ್ತೆ, ನೀವು ರಾತ್ರಿ ಎರಡು ಗಂಟೆವರೆಗೂ ಚಾನೆಲ್ ನಂಬರ್ (ಒಂದೇ ಕೇಬಲ್ಲಲ್ಲಿ ಯಾವ ಸಿಂಥಿಗೆ ಅಂತ ಹೇಳೋ ನಂಬರ್) ಚೆಕ್ ಮಾಡ್ತಾ ಇರ್ತೀರ. ಹಾಗೇನೇ ಸಿವಿ ಬೇಕಾದ್ರೆ ನಿಮ್ಮ ಸಿಂಥ್ ಆಕ್ಟೇವಿಗೊಂದು ವೋಲ್ಟಾ ಅಥವಾ ಹಳೇ ಕೋರ್ಗ್ ಎಂಎಸ್-20 ಥರ ಹರ್ಟ್ಸ್ ಲೆಕ್ಕದ್ದಾ ನೋಡಿ. ಕೋರ್ಗ್ ಎಸ್‌ಕ್ಯೂ-1 ಎರಡನ್ನೂ ಕೊಡುತ್ತೆ, ಪುಟ್ಟದು, ಎರಡು ಪೆನ್ಸಿಲ್ ಸೆಲ್ಲಲ್ಲಿ ನಡೆಯುತ್ತೆ.

ಈಗ ಎಷ್ಟು ಔಟ್ ಪೋರ್ಟ್ ಅನ್ನೋದು. ಇದನ್ನ ಸ್ವಲ್ಪ ಲೆಕ್ಕ ಹಾಕಿ ಹೇಳ್ತೀನಿ, ಯಾಕಂದ್ರೆ ಟ್ರ್ಯಾಕ್ ಎಣಿಸೋರು ಯಾರೂ ಪೋರ್ಟ್ ಎಣಿಸಲ್ಲ. ಮಿಡಿ ಕೇಬಲ್ ಓಡೋದು ಸೆಕೆಂಡಿಗೆ 31,250 ಬಿಟ್. ಒಂದು ಬೈಟ್ ಕಳಿಸೋಕೆ ಹತ್ತು ಬಿಟ್ ಬೇಕು, ಎಂಟು ಮಾಹಿತಿ, ಹಿಂದೊಂದು ಮುಂದೊಂದು. ಒಂದು ನೋಟ್ ಆನ್, ಅಂದ್ರೆ ಸ್ವರ ಶುರು ಮಾಡು ಅನ್ನೋ ಸಂದೇಶ, ಮೂರು ಬೈಟ್, ಮೂವತ್ತು ಬಿಟ್, ಹತ್ತತ್ರ ಒಂದು ಮಿಲಿಸೆಕೆಂಡ್, ಸರಿಯಾಗಿ ಹೇಳ್ಬೇಕಂದ್ರೆ 0.96. ಒಂದೇ ಆದ್ರೆ ಏನೂ ಅನ್ನಿಸಲ್ಲ. ಆದ್ರೆ ಆವರ್ತನದ ಮೊದಲನೇ ಏಟು ಬರುತ್ತಲ್ಲ, ಸಮ, ಅಲ್ಲಿ ಏನೇನಿರುತ್ತೆ? ಕಿಕ್, ಹ್ಯಾಟ್, ಬೇಸ್, ಪ್ಯಾಡಿನ, ಅಂದ್ರೆ ಹಿಂದೆ ಎಳೆದು ನಿಲ್ಲೋ ಸದ್ದಿನ, ಐದು ಸ್ವರ ಒಟ್ಟಿಗೆ ಬರೋ ಕಾರ್ಡ್, ಮೇಲೆ ಎರಡು ಸ್ವರ. ಹತ್ತಾಯ್ತು. ಎಲ್ಲಾನೂ ಒಂದೇ ಔಟ್‌ನಿಂದ ಹೋಗ್ಬೇಕು ಅಂದ್ರೆ ಸಿಟಿ ಬಸ್ಸಿನ ಒಂದೇ ಬಾಗಿಲಲ್ಲಿ ಹತ್ತು ಜನ ಇಳಿದ ಹಾಗೆ, ಕೊನೆಯವನು ಇಳಿಯೋ ಹೊತ್ತಿಗೆ ಹತ್ತು ಮಿಲಿಸೆಕೆಂಡ್ ಆಗಿರುತ್ತೆ. ಹಿಂದಿನ ಕಾರ್ಡಿನ ನೋಟ್ ಆಫ್‌ಗಳೂ ಸರಿಯಾಗಿ ಅದೇ ಕ್ಷಣಕ್ಕೆ ಬಂದು ಸೇರ್ಕೊಂಡ್ರೆ ಇನ್ನೂ ಜಾಸ್ತಿ. ಅದರ ಮೇಲೆ ನೀವು ಹಬ್‌ನಿಂದ ಫಿಲ್ಟರ್ ಆಡಿಸೋಕೆ ಅಂತ ಸಿಸಿ ಮೆಸೇಜ್ (ನಾಬ್ ತಿರುಗಿಸಿದ ಹಾಗೆ ಬೆಲೆ ಬದಲಿಸೋ ಸಂದೇಶ) ಹೊಳೆ ಥರ ಬಿಟ್ಟಿದ್ರೆ ಕೇಳೋದೇ ಬೇಡ. ರನ್ನಿಂಗ್ ಸ್ಟೇಟಸ್ ಅಂತ ಒಂದು ಉಪಾಯ ಇದೆ, ಒಂದೇ ಚಾನೆಲ್ಲಿಗೆ ಸಾಲಾಗಿ ಹೋಗ್ತಿದ್ರೆ ಮೊದಲನೇ ಬೈಟ್ ಮತ್ತೆ ಮತ್ತೆ ಕಳಿಸ್ಬೇಕಿಲ್ಲ, ಸ್ವಲ್ಪ ಉಳಿಯುತ್ತೆ, ಆದ್ರೂ ಬಾಗಿಲು ಒಂದೇ ತಾನೆ.

120 ಬಿಪಿಎಂನಲ್ಲಿ, ಅಂದ್ರೆ ನಿಮಿಷಕ್ಕೆ 120 ಬೀಟಲ್ಲಿ, ಒಂದು ಹದಿನಾರನೇ ನೋಟ್ (ಬೀಟಿನ ಕಾಲು ಭಾಗ) 125 ಮಿಲಿಸೆಕೆಂಡ್. ಅದರ ಮುಂದೆ ಹತ್ತು ದೊಡ್ಡದಾ ಅನ್ಬಹುದು. ಪ್ಯಾಡ್‌ಗೆ ದೊಡ್ಡದಲ್ಲ, ಯಾರಿಗೂ ಗೊತ್ತಾಗಲ್ಲ. ಕಿಕ್ಕು ಬೇಸು ಜೊತೆಗೆ ಬೀಳ್ಬೇಕಾದ ಕಡೆ ಗೊತ್ತಾಗುತ್ತೆ, ಏನೋ ಸಡಿಲ ಅನ್ನಿಸುತ್ತೆ, ಯಾಕೆ ಅಂತ ಹೇಳೋಕಾಗಲ್ಲ. ಅದಕ್ಕೇ ನಾನು ಹೇಳೋದು, 64 ಟ್ರ್ಯಾಕ್ ಇದೆ ಔಟ್ ಒಂದೇ ಇದೆ ಅನ್ನೋ ಪೆಟ್ಟಿಗೆಗಿಂತ ನಾಲ್ಕೇ ಟ್ರ್ಯಾಕ್ ಇದ್ದು ಎರಡು ಔಟ್ ಇರೋದು ಎಷ್ಟೋ ಸೆಟಪ್‌ಗೆ ಒಳ್ಳೇದು. ಆರ್ಟೂರಿಯಾ ಕೀಸ್ಟೆಪ್ ಪ್ರೋ ನೋಡಿ, 2020ರಲ್ಲಿ ಬಂದಿದ್ದು, ಟ್ರ್ಯಾಕ್ ನಾಲ್ಕೇ, ಆದ್ರೆ ಐದು ಪಿನ್ನಿನ ಔಟ್ ಎರಡು, ಜೊತೆಗೆ ನಾಲ್ಕು ಧ್ವನಿಗೆ ಸಿವಿ. ಒಂದು ಔಟ್ ಡ್ರಮ್ಸಿಗೆ ಬೇಸಿಗೆ ಮೀಸಲಿಡಿ, ಇನ್ನೊಂದರಲ್ಲಿ ನಿಧಾನದ ಪ್ಯಾಡುಗಳು ನೇತಾಡ್ಲಿ. ಒಂದೇ ಔಟ್ ಇದ್ರೂ ಪರವಾಗಿಲ್ಲ, ಡ್ರಮ್ಮನ್ನ ಮೊದಲನೇ ಟ್ರ್ಯಾಕಿಗೆ ಹಾಕಿ, ಎಷ್ಟೋ ಪೆಟ್ಟಿಗೆಗಳು ಟ್ರ್ಯಾಕ್ ನಂಬರ್ ಪ್ರಕಾರ ಸಾಲಲ್ಲಿ ಕಳಿಸ್ತವೆ, ಮೊದಲಿದ್ದವನು ಮೊದಲು ಇಳೀತಾನೆ. ಆಮೇಲೆ ಒಂದರಿಂದ ಒಂದಕ್ಕೆ ಥ್ರೂ (ಬಂದಿದ್ದನ್ನ ಹಾಗೇ ಮುಂದೆ ಕಳಿಸೋ ಪೋರ್ಟ್) ಹಾಕಿ ರೈಲು ಮಾಡ್ಬೇಡಿ, ಮೂರು ನಾಲ್ಕು ಡಬ್ಬಿವರೆಗೆ ಸರಿ, ಆಮೇಲೆ ಸಿಗ್ನಲ್ ಸೊರಗುತ್ತೆ, ಒಂದು ಥ್ರೂ ಬಾಕ್ಸ್ ತಗೊಳ್ಳಿ, ಎಲೆಕ್ಟ್ರಾನಿಕ್ಸ್ ಗೊತ್ತಿದ್ರೆ ಎಸ್‌ಪಿ ರೋಡಿಂದ ಬಿಡಿಭಾಗ ತಂದು ನೀವೇ ಬೆಸುಗೆ ಹಾಕ್ಬಹುದು, ಕಷ್ಟದ್ದಲ್ಲ.

ಕ್ಲಾಕ್, ಅಂದ್ರೆ ಕೇಬಲ್ಲಲ್ಲಿ ಹೋಗೋ ತಾಳದ ಟಿಕ್, ಅದರ ಬಗ್ಗೆ ನನ್ನ ಮರ್ಯಾದೆ ಹೋದ ಕಥೆ ಹೇಳ್ತೀನಿ. ಒಂದು ಸಣ್ಣ ಕೆಫೆಲಿ ನುಡಿಸೋಕೆ ಹೋಗಿದ್ದೆ, ಇಪ್ಪತ್ತು ಜನ. ಹಬ್ ಇದೆ, ಡ್ರಮ್ ಮಶೀನ್ ಇದೆ, ಎರಡನ್ನೂ ಒಂದು ಮರ್ಜ್ ಬಾಕ್ಸಿಗೆ ಹಾಕಿ ಅಲ್ಲಿಂದ ಬೇಸ್ ಸಿಂಥಿಗೆ ಕೊಟ್ಟಿದೀನಿ. ಮನೇಲಿ ಡ್ರಮ್ ಮಶೀನ್ ರೀಸೆಟ್ ಮಾಡಿದ್ದೆ, ರೀಸೆಟ್ ಆದ್ಮೇಲೆ ಅದು ತಾನೂ ಕ್ಲಾಕ್ ಕಳಿಸೋ ಸೆಟ್ಟಿಂಗಿಗೆ ಹೋಗಿತ್ತು, ನೋಡಿರಲಿಲ್ಲ. ಮಿಡಿ ಕ್ಲಾಕ್ ಅಂದ್ರೆ ಒಂದು ಬೀಟಿಗೆ 24 ಟಿಕ್, ಪಡೆಯೋ ಪೆಟ್ಟಿಗೆ ಯಾರು ಕಳಿಸಿದ್ರು ಅಂತ ಕೇಳಲ್ಲ, ಎಣಿಸುತ್ತೆ ಅಷ್ಟೆ. ಎರಡು ಕಡೆಯಿಂದ ಬಂದ್ರೆ 48. ಪ್ಲೇ ಒತ್ತಿದೆ, ಬೇಸ್ ದುಪ್ಪಟ್ಟು ಸ್ಪೀಡಲ್ಲಿ ಹೊರಟಿತು, ಟೆಂಪೊ ಇಳಿಸೋಣ ಅಂತ ಹಬ್‌ನಲ್ಲಿ ಇಳಿಸಿದ್ರೆ ಡ್ರಮ್ ಮಶೀನ್ ತನ್ನ ಪಾಡಿಗೆ ತಾನು. ಎತ್ತು ಏರಿಗೆಳೀತು ಕೋಣ ನೀರಿಗೆಳೀತು ಅಂತಾರಲ್ಲ, ಅದನ್ನ ಸ್ಪೀಕರ್‌ನಲ್ಲಿ ಕೇಳ್ಬೇಕು ನೀವು. ಮುಂದಿನ ಟೇಬಲ್ಲಲ್ಲಿ ಕೂತಿದ್ದ ಹುಡುಗ "ಇದು ಎಕ್ಸ್‌ಪೆರಿಮೆಂಟಲ್ಲಾ ಅಣ್ಣಾ" ಅಂದ. ಹೂಂ ಕಣಪ್ಪ ಅಂದೆ, ಇನ್ನೇನ್ ಹೇಳ್ಲಿ.

ಹಾಗಾಗಿ ಹಬ್ ಆರಿಸುವಾಗ ಇದು ನೋಡಿ, ಪ್ರತಿ ಪೋರ್ಟಿಗೂ ಬೇರೆ ಬೇರೆಯಾಗಿ ಕ್ಲಾಕ್ ಆನ್ ಆಫ್ ಮಾಡ್ಬಹುದಾ. ಬರೀ ಸ್ವರ ಬೇಕಾದ ಸಿಂಥಿಗೆ ಕ್ಲಾಕ್ ಕೊಡೋ ಅವಶ್ಯಕತೆನೇ ಇಲ್ಲ. ಆರ್ಪೆಜಿಯೇಟರೋ (ಹಿಡಿದ ಸ್ವರಗಳನ್ನ ಒಂದೊಂದಾಗಿ ನುಡಿಸೋದು) ಡಿಲೇನೋ (ಪ್ರತಿಧ್ವನಿ) ತಾಳಕ್ಕೆ ಕೂರ್ಬೇಕು ಅಂದ್ರೆ ಮಾತ್ರ ಬೇಕು. ಮತ್ತೆ ಹಬ್‌ಗೆ ಹೊರಗಿಂದ ಬರೋ ಕ್ಲಾಕ್ ಆಫ್ ಮಾಡಿಡಿ, ಭಾಗವತರಿಗೆ ಯಾರೂ ತಾಳ ಹೇಳ್ಕೊಡೋದು ಬೇಡ. ಕೀಬೋರ್ಡ್ ಇರೋ ಸಿಂಥ್ ಆದ್ರೆ ಲೋಕಲ್ ಕಂಟ್ರೋಲ್ ಅನ್ನೋದನ್ನ ಆಫ್ ಮಾಡಿ. ಇಲ್ಲಾಂದ್ರೆ ನೀವು ಕೀ ಒತ್ತಿದಾಗ ಒಂದ್ಸಲ ಒಳಗಿಂದಾನೇ ಸದ್ದು ಬರುತ್ತೆ, ಅದೇ ಸ್ವರ ಹಬ್‌ಗೆ ಹೋಗಿ ವಾಪಸ್ ಬಂದು ಇನ್ನೊಂದ್ಸಲ ಬರುತ್ತೆ, ಎಂಟು ಧ್ವನಿಯ ಸಿಂಥ್ ನಾಲ್ಕು ಧ್ವನಿದಾಗುತ್ತೆ, ಸೌಂಡು ಮೂಗು ಕಟ್ಟಿದ ಹಾಗಾಗುತ್ತೆ. ಸಿಂಥ್ ಕೆಟ್ಟಿದೆ ಅಂತ ರಿಪೇರಿಗೆ ಕೊಟ್ಟೋರಿದಾರೆ.

ಈಗ ನನಗೆ ಇಷ್ಟದ ವಿಷಯ, ನಮ್ಮ ತಾಳಗಳು. ಈ ಪೆಟ್ಟಿಗೆಗಳೆಲ್ಲ 16 ಬಟನ್ನಿನ ಮೇಲೆ ಹುಟ್ಟಿದ್ದು, ನಾಲ್ಕು ನಾಲ್ಕರ ಲೆಕ್ಕ. ಆದಿತಾಳ ಸಲೀಸು, ಎಂಟು ಅಕ್ಷರ, ಅಕ್ಷರಕ್ಕೆ ನಾಲ್ಕು, 32 ಸ್ಟೆಪ್, ಎರಡು ಬಾರ್. ಮಿಶ್ರಛಾಪು ಅಂದ್ರೆ ಏಳು, ಒಂದಕ್ಕೆರಡರಂತೆ 14 ಸ್ಟೆಪ್. ಇಲ್ಲಿ ನೋಡ್ಬೇಕಾದ್ದು ಪ್ರತಿ ಟ್ರ್ಯಾಕಿಗೂ ಬೇರೆ ಉದ್ದ ಇಡೋಕಾಗುತ್ತಾ ಅಂತ. ಎಲೆಕ್ಟ್ರಾನ್‌ನ ಡಿಜಿಟಾಕ್ಟ್, ಆಕ್ಟಾಟ್ರ್ಯಾಕ್, ಸ್ಕ್ವಾರ್ಪ್ ಪಿರಮಿಡ್, ಬೀಟ್‌ಸ್ಟೆಪ್ ಪ್ರೋ, ಇವೆಲ್ಲ ಬಿಡ್ತವೆ. ಒಂದು ಟ್ರ್ಯಾಕ್ 14, ಇನ್ನೊಂದು 32 ಇಟ್ಟು ಬಿಟ್ರೆ ಅವೆರಡೂ ಮತ್ತೆ ಒಟ್ಟಿಗೆ ಸಮಕ್ಕೆ ಬರೋದು 224ನೇ ಸ್ಟೆಪ್ ಆದ್ಮೇಲೆ, ಆದಿತಾಳ ಏಳು ಆವರ್ತನ, ಮಿಶ್ರಛಾಪು ಹದಿನಾರು. ಆ ಏಳು ಆವರ್ತನ ಸುಮ್ನೆ ಕೂತು ಕೇಳಿ, ಏನೂ ಮುಟ್ಟಬೇಡಿ, ಕೊನೆಗೆ ಎರಡೂ ಬಂದು ಒಟ್ಟಿಗೆ ಬೀಳುತ್ತಲ್ಲ, ಮೃದಂಗದವರು ಮೋರಾ ಮುಗಿಸಿ ಸಮಕ್ಕೆ ಬಂದಾಗ ತಲೆ ಆಡಿಸ್ತೀವಲ್ಲ, ಅದೇ ಖುಷಿ. ಹಾಗಂತ ಕೆಲವು ಪೆಟ್ಟಿಗೆಗಳು ಪ್ಯಾಟರ್ನ್ ಉದ್ದ ಅಂತ ಇನ್ನೊಂದು ಮಾಸ್ಟರ್ ಲೆಂತ್ ಇಟ್ಟಿರ್ತವೆ, ಅದು 16 ಇದ್ರೆ ಎಲ್ಲಾನೂ ಹದಿನಾರಕ್ಕೆ ಕತ್ತರಿಸಿಬಿಡುತ್ತೆ, ಅದನ್ನ ಇನ್ಫಿನಿಟಿ ಮಾಡೋದು ಮರೀಬೇಡಿ.

ಖಂಡ ನಡೆ ಬಂದಾಗ ಕಥೆ ಬೇರೆ. ಒಂದು ಅಕ್ಷರದಲ್ಲಿ ಐದು, ತ ಕ ತ ಕಿ ಟ. ಮಿಡಿ ಕ್ಲಾಕಿನ 24ನ ಐದರಿಂದ ಭಾಗಿಸಿ, 4.8 ಬರುತ್ತೆ. ಹಳೇ ಎಂಪಿಸಿ-60, ಅಲೆಸಿಸ್ ಎಂಎಂಟಿ-8 ಇವೆಲ್ಲ ಒಳಗೆ ಬೀಟಿಗೆ 96 ಭಾಗ ಇಟ್ಕೊಂಡಿದ್ವು, ಐದರಿಂದ ಭಾಗಿಸಿದ್ರೆ 19.2, ಅಲ್ಲೂ ಪೂರ್ಣ ಇಲ್ಲ. ಒಳಗೆ 480 ಅಥವಾ 960 ಭಾಗ ಇರೋದಾದ್ರೆ ಐದಕ್ಕೆ ಸರಿಯಾಗಿ ಕೂರುತ್ತೆ. ಏಳಕ್ಕೆ ಇವ್ಯಾವ್ದೂ ಕೂರಲ್ಲ, ಮಿಶ್ರ ನಡೆ ಹಾಕಿದ್ರೆ ಎಲ್ಲೋ ಒಂದು ಕೂದಲೆಳೆ ಆಚೀಚೆ ಆಗುತ್ತೆ, ಆದ್ರೆ 960ರಲ್ಲಿ ಆ ಕೂದಲೆಳೆ ನಿಮಗೂ ಕೇಳಲ್ಲ ನನಗೂ ಕೇಳಲ್ಲ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಸ್ವರಗಳು ಹಬ್ ಒಳಗೇ ಇದ್ರೆ ಕೇಬಲ್ಲಿನ 24 ಟಿಕ್ ಅಡ್ಡ ಬರಲ್ಲ, ಹಬ್ ತನ್ನ ಒಳಗಿನ ಲೆಕ್ಕದ ಪ್ರಕಾರ ಆ ಕ್ಷಣಕ್ಕೆ ನೋಟ್ ಆನ್ ಕಳಿಸುತ್ತೆ, ಸಿಂಥ್ ಪಾಪ ಬಂದಾಗ ಹಾಡುತ್ತೆ. ಅದೇ ನೀವು ಪ್ರತಿ ಪೆಟ್ಟಿಗೆಯ ಒಳಗಿನ ಸೀಕ್ವೆನ್ಸರಲ್ಲಿ ಬರೆದು ಬರೀ ಕ್ಲಾಕಲ್ಲಿ ಕಟ್ಟಿಹಾಕಿದ್ರೆ, ಎರಡು ಟಿಕ್ ಮಧ್ಯೆ ಎಲ್ಲಿ ಅಂತ ಪ್ರತಿಯೊಂದೂ ತನಗೆ ತೋಚಿದ ಹಾಗೆ ಊಹೆ ಮಾಡುತ್ತೆ. ನಾಲ್ಕರ ಲೆಕ್ಕದಲ್ಲಿ ಗೊತ್ತಾಗಲ್ಲ, ಐದರಲ್ಲಿ ಗೊತ್ತಾಗುತ್ತೆ.

ಇದ್ಯಾವ್ದೂ ಬೇಡ ಅಂದ್ರೆ ಬಡವರ ಉಪಾಯ ಒಂದಿದೆ. ಪೆಟ್ಟಿಗೆಗೆ ಸುಳ್ಳು ಹೇಳಿ. ನಿಮಗೆ ನಿಮಿಷಕ್ಕೆ 80 ಅಕ್ಷರ ಬೇಕು, ಅಕ್ಷರಕ್ಕೆ ಐದು ಅಂದ್ರೆ ನಿಮಿಷಕ್ಕೆ 400 ಸ್ಟೆಪ್. ಪೆಟ್ಟಿಗೆ ಒಂದು ಬೀಟಿಗೆ ನಾಲ್ಕು ಸ್ಟೆಪ್ ಅಂತ ತಿಳ್ಕೊಂಡಿದೆ, ಹಾಗಾದ್ರೆ ಟೆಂಪೊ 100 ಅಂತ ಇಡಿ, ಟ್ರ್ಯಾಕ್ ಉದ್ದ ಐದರ ಗುಣಕ ಇಡಿ. ಪರದೆ ಮೇಲೆ 100 ಅಂತ ಕಾಣುತ್ತೆ, ನೀವು ಕೈಯಲ್ಲಿ ತಾಳ ಹಾಕೋದು 80. ನಾಲ್ಕನ್ನೂ ಐದನ್ನೂ ಒಂದರ ಮೇಲೊಂದು ಕೂರಿಸೋ ಆಸೆ ಇದ್ರೆ ಮಾತ್ರ ಈ ಉಪಾಯ ಕೈ ಕೊಡುತ್ತೆ.

ಗಮಕದ, ಅಂದ್ರೆ ಸ್ವರ ಅಲುಗಾಡಿಸೋದರ ಬಗ್ಗೆ ಹಿಂದೆ ಕೂತಿರೋ ಮೇಡಂ ಆಗ್ಲೇ ಕೇಳಿದ್ರು. ನಿಜ ಹೇಳ್ಬೇಕಂದ್ರೆ ಸ್ಟೆಪ್ ಸೀಕ್ವೆನ್ಸರ್ ಗಮಕದ ಶತ್ರು. ಮಿಡಿ ಸ್ವರ ಅಂದ್ರೆ ಹಾರ್ಮೋನಿಯಂ ಮನೆ, ಮಧ್ಯೆ ಏನೂ ಇಲ್ಲ. ಮಧ್ಯೆ ಹೋಗೋಕೆ ಪಿಚ್ ಬೆಂಡ್ ಇದೆ, 16,384 ಮೆಟ್ಟಿಲು, ಸಾಕಷ್ಟು ನಯ, ಆದ್ರೆ ಅದು ಚಾನೆಲ್ಲಿಗೆ ಒಂದೇ, ಕಾರ್ಡಲ್ಲಿರೋ ಒಂದು ಸ್ವರ ಮಾತ್ರ ಅಲುಗಾಡಿಸೋಕಾಗಲ್ಲ, ಎಲ್ಲಾ ಒಟ್ಟಿಗೆ ಅಲುಗಾಡ್ತವೆ. ಎಂಪಿಇ ಅನ್ನೋದು ಬಂದಿದ್ದು ಇದಕ್ಕೇನೇ, ಸ್ವರಕ್ಕೊಂದು ಚಾನೆಲ್ ಕೊಡೋದು. ಹಾಗಾಗಿ ಗಮಕ ತುಂಬಿರೋ ತೋಡಿ ರಾಗ ನುಡಿಸ್ಬೇಕು ಅನ್ನೋರು ಹಬ್ ಆರಿಸುವಾಗ ಒಂದೇ ಪರೀಕ್ಷೆ ಮಾಡಿ: ಪಿಚ್ ಬೆಂಡ್ ವೀಲ್ ಆಡಿಸಿ ರೆಕಾರ್ಡ್ ಮಾಡಿ, ವಾಪಸ್ ಪ್ಲೇ ಮಾಡಿ. ನೀವು ಎಳೆದ ಹಾಗೇ ಬಂತಾ, ಅಥವಾ ಸ್ಟೆಪ್ಪಿಗೊಂದು ಬೆಲೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಬಂತಾ? ಮೆಟ್ಟಿಲಾಗಿ ಬಂದ್ರೆ ಆ ಪೆಟ್ಟಿಗೆ ನಿಮ್ಮದಲ್ಲ, ಎಷ್ಟೇ ಚೆಂದ ಇರ್ಲಿ.

ಇಲ್ಲಿಂದ ನಿಮ್ಮ ಕೈ ಹೇಗೆ ಕೆಲಸ ಮಾಡುತ್ತೆ ಅನ್ನೋ ವಿಷಯಕ್ಕೆ ಬರ್ತೀನಿ. ಕೆಲವರಿಗೆ ನುಡಿಸಿದ್ರೆ ಬರುತ್ತೆ, ಕೆಲವರಿಗೆ ಬಟನ್ ಒತ್ತಿ ಒತ್ತಿ ಜೋಡಿಸಿದ್ರೆ ಬರುತ್ತೆ. ನುಡಿಸೋರಿಗೆ ಎಂಪಿಸಿ ಸಂಪ್ರದಾಯ. 1988ರಲ್ಲಿ ರೋಜರ್ ಲಿನ್ ಅಕಾಯ್ ಜೊತೆ ಮಾಡಿದ್ದು, ಮೆತ್ತಗಿರೋ 16 ಪ್ಯಾಡ್, ಹೊಡೀರಿ, ಲೂಪ್ ಆಗುತ್ತೆ, ಮೇಲೆ ಮತ್ತೆ ಹೊಡೀರಿ. ಅಲೆಸಿಸ್ ಎಂಎಂಟಿ-8 ಅಂತ 1987ರದ್ದು, ಎಂಟು ಟ್ರ್ಯಾಕ್, ಎಂಟು ದಪ್ಪ ದಪ್ಪ ಬಟನ್, ಒತ್ತಿದ್ರೆ ಆ ಟ್ರ್ಯಾಕ್ ಆನ್, ಇನ್ನೊಂದ್ಸಲ ಒತ್ತಿದ್ರೆ ಆಫ್. ಆರ್ಬಿಟಲ್ ಅನ್ನೋ ಇಂಗ್ಲೆಂಡಿನ ಅಣ್ಣ ತಮ್ಮಂದಿರು ವೇದಿಕೆ ಮೇಲೆ ಇದನ್ನೇ ಸಾಲಾಗಿ ಇಟ್ಕೊಂಡು ನುಡಿಸ್ತಿದ್ರು. ಮೆನು ಇಲ್ಲ, ಕತ್ತಲಲ್ಲೂ ಬೆರಳಿಗೆ ಸಿಗುತ್ತೆ. ಲೈವ್ ಮಾಡೋರಿಗೆ ನಾನು ಹೇಳೋದು, ಮ್ಯೂಟ್ ಮಾಡೋಕೆ ಎರಡು ಬಟನ್ ಒಟ್ಟಿಗೆ ಹಿಡೀಬೇಕಾದ ಪೆಟ್ಟಿಗೆಯನ್ನ ಎರಡು ಸಲ ಯೋಚನೆ ಮಾಡಿ ತಗೊಳ್ಳಿ.

ಜೋಡಿಸೋರಿಗೆ ಆಯ್ಕೆ ತುಂಬಾ. ಡಿಜಿಟಾಕ್ಟ್ ಮೊದಲನೇದು, 2017ರದ್ದು, ಎಂಟು ಸ್ಯಾಂಪಲ್ ಟ್ರ್ಯಾಕ್ ಜೊತೆ ಎಂಟು ಮಿಡಿ ಟ್ರ್ಯಾಕ್, ಸ್ಟೆಪ್ಪಿಗೆ ನಾಲ್ಕು ಸ್ವರದ ತನಕ. ಒಂದೊಂದು ಸ್ಟೆಪ್ಪಿಗೂ ಒಂದೊಂದು ಬೆಲೆ ಬೀಗ ಹಾಕ್ಬಹುದು, ಪ್ಯಾರಾಮೀಟರ್ ಲಾಕ್ ಅಂತಾರೆ, ನಾಲ್ಕು ಸುತ್ತಿಗೊಂದ್ಸಲ ಮಾತ್ರ ಬಾ ಅಂತ ಸ್ವರಕ್ಕೆ ಶರತ್ತು ಹಾಕ್ಬಹುದು. ಮೂರು ಸಿಂಥ್ ಇರೋರಿಗೆ ಇದೇ ಸಾಕು, ಡ್ರಮ್ ಮಶೀನ್ ಬೇರೆ ಬೇಡ. ಔಟ್ ಮಾತ್ರ ಒಂದೇ, ಥ್ರೂ ಒಂದು, ಆಗ್ಲೇ ಹೇಳಿದ ಬಸ್ಸಿನ ಬಾಗಿಲು ನೆನಪಿರ್ಲಿ. ಸಿಂಥ್ ಜಾಸ್ತಿ ಇದ್ದು ಇಡೀ ಹಾಡು ಮೊದಲಿಂದ ಕೊನೆವರೆಗೆ ಕಟ್ಬೇಕು ಅನ್ನೋರಿಗೆ ಫ್ರಾನ್ಸಿನ ಸ್ಕ್ವಾರ್ಪ್‌ನವರ ಹಾಪಾಕ್ಸ್, ಅದರಲ್ಲಿ ಎರಡು ಪ್ರಾಜೆಕ್ಟ್ ಒಟ್ಟಿಗೆ ತೆರೆದಿಟ್ಕೊಂಡು ಒಂದು ಹಾಡಿಂದ ಇನ್ನೊಂದಕ್ಕೆ ಮೆಲ್ಲಗೆ ಜಾರ್ಬಹುದು. ಸೀಕ್ವೆಂಟಿಕ್ಸ್ ಸರ್ಕ್ಲಾನ್ ಅಂತ ಒಂದಿದೆ, ಎಲ್ರೂ ಹೊಗಳ್ತಾರೆ, ಕಾಯೋ ಪಟ್ಟಿ ಸೈಟಿಗೆ ಅರ್ಜಿ ಹಾಕಿದ ಹಾಗಿರುತ್ತೆ. ನ್ಯೂಜಿಲೆಂಡಿನ ಡೆಲ್ಯೂಜ್‌ಗೆ ಒಳಗೇ ಬ್ಯಾಟರಿ ಇದೆ, ಕರೆಂಟ್ ಹೋದ್ರೂ ನಡೆಯುತ್ತೆ, ನಮ್ಮ ಏರಿಯಾದಲ್ಲಿ ಇದು ಸಣ್ಣ ವಿಷಯ ಅಲ್ಲ. 2023ರಲ್ಲಿ ಅವರು ಅದರ ಫರ್ಮ್‌ವೇರ್ ಓಪನ್ ಸೋರ್ಸ್ ಮಾಡಿಬಿಟ್ರು, ಈಗ ಬಳಸೋರೇ ಸೇರ್ಕೊಂಡು ಫೀಚರ್ ಸೇರಿಸ್ತಿದಾರೆ. ಎಂಪಿಸಿ ಲೈವ್‌ಗೂ ಬ್ಯಾಟರಿ ಇದೆ.

ಕಸ್ಟಮ್ಸ್ ಸೇರಿ ಬೆಲೆ ಎಲ್ಲಿಗೆ ಹೋಗುತ್ತೆ ಅಂತ ನಿಮಗೆ ಗೊತ್ತು, ನಾನು ಹೇಳಿ ಯಾಕೆ ಹೊಟ್ಟೆ ಉರಿಸ್ಲಿ. ಹಾಸಿಗೆ ನೋಡ್ಕೊಂಡು ಕಾಲು ಚಾಚಿ. ಎರಡು ಸಿಂಥ್ ಇದ್ರೆ ಸೆಕೆಂಡ್ ಹ್ಯಾಂಡ್ ಬೀಟ್‌ಸ್ಟೆಪ್ ಪ್ರೋ ಸಾಕು, ಎರಡು ಸ್ವರದ ಸಾಲು, ಒಂದು ಡ್ರಮ್ ಸಾಲು, ಸಿವಿನೂ ಇದೆ.

ಆಮೇಲೆ ಬಂದ ಪ್ರಶ್ನೆಗಳಲ್ಲಿ ಎರಡು ಮೂರು ಮಾತ್ರ ಹಾಕ್ತೀನಿ.

ಒಬ್ಬರು ಕೇಳಿದ್ರು, ಲ್ಯಾಪ್‌ಟಾಪ್ ಇರುವಾಗ ಇದೆಲ್ಲ ಯಾಕೆ ಸಾರ್. ಒಳ್ಳೇ ಪ್ರಶ್ನೆ. ಲ್ಯಾಪ್‌ಟಾಪ್ ಇದೆಲ್ಲಾನೂ ಮಾಡುತ್ತೆ, ಇದಕ್ಕಿಂತ ಜಾಸ್ತಿನೇ ಮಾಡುತ್ತೆ. ನನಗೆ ಅದರ ಮುಂದೆ ಕೂತ್ರೆ ಕೈ ಮೌಸಿಗೆ ಹೋಗುತ್ತೆ, ಕಣ್ಣು ಮೇಲ್‌ಗೆ ಹೋಗುತ್ತೆ, ಅಷ್ಟೆ ಕಾರಣ. ತಾಂತ್ರಿಕವಾಗಿ ಹೇಳೋದಾದ್ರೆ ಕಂಪ್ಯೂಟರ್ ನೂರೆಂಟು ಕೆಲಸದ ಮಧ್ಯೆ ಕ್ಲಾಕ್ ಕಳಿಸುತ್ತೆ, ಟಿಕ್‌ಗಳು ಸ್ವಲ್ಪ ಹಿಂದೆ ಮುಂದೆ ಆಗ್ಬಹುದು, ತಡ ಆದ್ರೆ ಸರಿಪಡಿಸ್ಕೋಬಹುದು ಆದ್ರೆ ಒಂದ್ಸಲ ತಡ ಒಂದ್ಸಲ ಬೇಗ ಅಂದ್ರೆ ಏನೂ ಮಾಡೋಕಾಗಲ್ಲ. ನಾನು ತಾಳ ಹಬ್‌ಗೆ ಬಿಟ್ಟು ಲ್ಯಾಪ್‌ಟಾಪನ್ನ ಟೇಪ್ ರೆಕಾರ್ಡರ್ ಥರ ಇಟ್ಕೊಂಡಿದೀನಿ. ಇನ್ನೊಂದು, ಲ್ಯಾಪ್‌ಟಾಪ್ ಯುಎಸ್‌ಬಿಲಿ ಸೇರಿಸಿದ ತಕ್ಷಣ ಸ್ಪೀಕರಲ್ಲಿ ಜೀರುಂಡೆ ಕೂತ ಹಾಗೆ ಸದ್ದು ಬಂದ್ರೆ ಅದು ಗ್ರೌಂಡ್ ಲೂಪ್. ಐದು ಪಿನ್ ಮಿಡಿಲಿ ಅದು ಬರಲ್ಲ, ಯಾಕಂದ್ರೆ ಪಡೆಯೋ ಕಡೆ ಆಪ್ಟೋ ಐಸೊಲೇಟರ್ ಇರುತ್ತೆ, ಸಿಗ್ನಲ್ ಬೆಳಕಾಗಿ ದಾಟುತ್ತೆ, ಎರಡು ಪೆಟ್ಟಿಗೆ ಮಧ್ಯೆ ವಿದ್ಯುತ್ ಸಂಬಂಧನೇ ಇರಲ್ಲ. 1983ರಲ್ಲೇ ಅಷ್ಟು ಯೋಚನೆ ಮಾಡಿದ್ರು ನೋಡಿ.

ಇನ್ನೊಬ್ಬರು, ಹಬ್‌ನಿಂದ ಸಿಂಥಿನ ಪ್ಯಾಚ್ (ಉಳಿಸಿಟ್ಟ ಸದ್ದು) ಬದಲಾಯಿಸಿದ್ರೆ ಆವರ್ತನದ ಮೊದಲನೇ ಸ್ವರ ನುಂಗಿ ಹೋಗುತ್ತೆ, ಏನ್ಮಾಡೋದು ಅಂದ್ರು. ಎಷ್ಟೋ ಸಿಂಥ್‌ಗಳಿಗೆ ಪ್ಯಾಚ್ ಲೋಡ್ ಮಾಡ್ಕೊಳ್ಳೋಕೆ ಒಂದು ಗಳಿಗೆ ಬೇಕು. ಪ್ಯಾಚ್ ಬದಲಿಸೋ ಪ್ರೋಗ್ರಾಂ ಚೇಂಜ್ ಸಂದೇಶಾನ ಹಿಂದಿನ ಪ್ಯಾಟರ್ನಿನ ಕೊನೇ ಸ್ಟೆಪ್ಪಿಗೆ ಹಾಕಿ, ಅಲ್ಲಿ ಆ ಸಿಂಥಿನ ಸ್ವರ ಏನೂ ಇಲ್ದಿರೋ ಹಾಗೆ ನೋಡ್ಕೊಳ್ಳಿ. ಕೆಲವು ಹಬ್‌ಗಳು ಪ್ಯಾಟರ್ನ್ ಬದಲಾಗೋ ಕ್ಷಣಕ್ಕೇ ಕಳಿಸ್ತವೆ, ಮುಂಚೆ ಕಳಿಸೋಕೆ ಬಿಡಲ್ಲ, ಅಂಥದ್ದಾದ್ರೆ ಮೊದಲನೇ ಸ್ವರ ಬೇರೆ ಸಿಂಥಿಗೆ ಕೊಡಿ.

ಕೊನೇದು, ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಏನು ನೋಡ್ಬೇಕು. ಒಂದೊಂದು ಬಟನ್ನೂ ಒತ್ತಿ ನೋಡಿ, ಒಂದ್ಸಲ ಒತ್ತಿದ್ರೆ ಎರಡು ಸಲ ಬೀಳ್ತಿದೆಯಾ. ಎನ್‌ಕೋಡರ್ (ಕೊನೆ ಇಲ್ದೆ ಸುತ್ತೋ ನಾಬ್) ನಿಧಾನಕ್ಕೆ ತಿರುಗಿಸಿ, ಸಂಖ್ಯೆ ಹಿಂದಕ್ಕೆ ಹಾರುತ್ತಾ. ಹಳೇ ಪೆಟ್ಟಿಗೆ ಆದ್ರೆ ಒಳಗೆ ಮೆಮೊರಿ ಹಿಡಿದಿಡೋ ಬ್ಯಾಟರಿ ಇರುತ್ತೆ, ಒಂದು ಪ್ಯಾಟರ್ನ್ ಬರೆದು ಪವರ್ ತೆಗ್ದು ಹತ್ತು ನಿಮಿಷ ಮಾರೋರ ಜೊತೆ ಕಾಫಿ ಕುಡೀರಿ, ಮತ್ತೆ ಆನ್ ಮಾಡಿ, ಇದ್ರೆ ಸರಿ. ಅಡಾಪ್ಟರ್ ಜೊತೆಗೇ ಕೇಳಿ ಇಸ್ಕೊಳ್ಳಿ. ಅಮೆರಿಕದಿಂದ ಬಂದ ಪೆಟ್ಟಿಗೆಯ ಅಡಾಪ್ಟರ್ 110 ವೋಲ್ಟಿಂದು ಮಾತ್ರ ಇರ್ಬಹುದು, ನಮ್ಮ 230ಕ್ಕೆ ಸಿಕ್ಕಿಸಿದ್ರೆ ಹೊಗೆ ಬರುತ್ತೆ. ಮನೇಲಿರೋ ಗಿಟಾರ್ ಪೆಡಲಿನ 9 ವೋಲ್ಟ್ ಅಡಾಪ್ಟರ್ ಪಿನ್ ಸರಿಯಾಗಿ ಕೂರುತ್ತೆ ಅಂತ ಹಾಕ್ಬೇಡಿ, ಪೆಡಲಿಂದು ಮಧ್ಯೆ ನೆಗೆಟಿವ್, ಕೋರ್ಗ್ ವೋಲ್ಕಾ ಥರದ ಪುಟ್ಟ ಸಿಂಥ್‌ಗಳಿಗೆ ಮಧ್ಯೆ ಪಾಸಿಟಿವ್ ಬೇಕು, ಕೆಲವು ಹಳೇವಕ್ಕಂತೂ ಡಿಸಿ ಅಲ್ಲ, ಎಸಿ ಕರೆಂಟೇ ಬೇಕು. ಪೆಟ್ಟಿಗೆ ಹಿಂದೆ ಒಂದು ಪುಟ್ಟ ಚಿತ್ರ ಇರುತ್ತೆ, ನಡುವೆ ಚುಕ್ಕೆ, ಸುತ್ತ ಅರ್ಧ ವೃತ್ತ. ಅದನ್ನ ಫೋನ್ ಟಾರ್ಚ್ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ.